ಚಿತ್ರ ಯಾರ ಮುಂದೆ ನಿಲ್ಲಬೇಕು? ಬೆಂಗಳೂರಿನ ಒಂದು ಕಲಾ ಪ್ರವಾಸ

ಶುಕ್ರವಾರ

ಜನವರಿ ಮೊದಲ ಭಾನುವಾರ ಅಂದರೆ ಬೆಂಗಳೂರಿನಲ್ಲಿ ಚಿತ್ರಸಂತೆ. ದಾವಣಗೆರೆಯಿಂದ ಸಂತೆಗೆ ಮಾತ್ರ ಹೋಗಿಬರುವುದು ಕಷ್ಟವೇನಲ್ಲ. ಶನಿವಾರ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಮನೆಯಲ್ಲಿರಬಹುದು. ಈ ಸಲ ಮೊದಲೇ ಹೊರಟೆ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ಮಕ್ಕಳಿಗೆ ಪ್ರಜಾಪ್ರಭುತ್ವದ ಮೇಲೆ ಚಿತ್ರ ಬರೆಯಲು ಹೇಳಿದರೆ ಬಾವುಟ, ಮತಪೆಟ್ಟಿಗೆ, ವಿಧಾನಸೌಧ, ಇಷ್ಟೇ ಬರುತ್ತದೆ. ಅದರಲ್ಲಿ ಮಕ್ಕಳ ತಪ್ಪಿಲ್ಲ. ಅವರು ನೋಡಿರುವುದೇ ಅಷ್ಟು. ಕಲಾವಿದರು ಈ ವಿಷಯವನ್ನು ಹೇಗೆ ಹಿಡಿದಿದ್ದಾರೆ ಅನ್ನುವುದನ್ನು ನಾನೇ ನೋಡಬೇಕಿತ್ತು. ಹಾಗೆಯೇ ಆ ಚಿತ್ರಗಳ ಮುಂದೆ ಬಂದು ನಿಲ್ಲುವವರು ಯಾರು ಅನ್ನುವುದನ್ನೂ ನೋಡಬೇಕಿತ್ತು. ನನ್ನ ಮಟ್ಟಿಗೆ ಎರಡನೆಯದೇ ಜಾಸ್ತಿ ಮುಖ್ಯ.

ಸರ್ಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತಗೊಂಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಹೆಂಗಸರು ಇಂಥ ಪ್ರವಾಸಕ್ಕೆ ಮನೆಯಲ್ಲಿ ಯಾರನ್ನೂ ದುಡ್ಡು ಕೇಳಬೇಕಾಗಿಲ್ಲ. ಬಸ್ ಚಾರ್ಜು ಉಳಿಯಿತು ಅನ್ನುವುದಕ್ಕಿಂತ, ಹೊರಡುವ ತೀರ್ಮಾನ ನಮ್ಮದೇ ಆಯಿತು ಅನ್ನುವುದು ದೊಡ್ಡ ಮಾತು.

ಮೆಜೆಸ್ಟಿಕ್‌ಗೆ ತಮ್ಮನ ಮಗಳು ಬಂದಿದ್ದಳು. ಅವಳು ಇಲ್ಲೇ ಚಿತ್ರಕಲೆ ಓದುತ್ತಿದ್ದಾಳೆ. ಶೇಷಾದ್ರಿಪುರದ ಅವಳ ರೂಮಿನಲ್ಲಿ ಸ್ನಾನ, ತಿಂಡಿ ಮುಗಿಸಿ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋದೆವು. ಎಲ್ಲರೂ ಎನ್‌ಜಿಎಂಎ ಅನ್ನುತ್ತಾರೆ. ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೇ ಬಂಗಲೆಯಲ್ಲಿ 2009ರ ಫೆಬ್ರವರಿಯಲ್ಲಿ ಶುರುವಾದ ಗ್ಯಾಲರಿ ಇದು. ದೊಡ್ಡವರಿಗೆ 20 ರೂಪಾಯಿ ಟಿಕೆಟ್. ಆವರಣದ ತುಂಬ ದೊಡ್ಡ ದೊಡ್ಡ ಮರಗಳು. ಒಳಗೆ ಜನ ಕಡಿಮೆ. ಇಷ್ಟು ಒಳ್ಳೆಯ ಜಾಗ, ಇಷ್ಟು ಕಡಿಮೆ ದುಡ್ಡು, ಆದರೂ ಆಳಿಲ್ಲ. ನೋಡಿ ಹೊಟ್ಟೆ ಉರಿಯಿತು.

ನನಗೆ ಅಲ್ಲಿ ಬೇಕಾಗಿದ್ದದ್ದು ಬಂಗಾಳದ ಕಲಾವಿದ ನಂದಲಾಲ್ ಬೋಸ್. ಅವರ ಹರಿಪುರ ಚಿತ್ರಗಳು ಎನ್‌ಜಿಎಂಎ ಸಂಗ್ರಹಕ್ಕೆ ಸೇರಿದವು. ಇಲ್ಲಿನ ಲೈಬ್ರರಿಯಲ್ಲಿ ತಮ್ಮನ ಮಗಳು ಅವರ ಚಿತ್ರಗಳ ಪುಸ್ತಕ ತೆಗೆದು ಮುಂದಿಟ್ಟಳು. 1938ರಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ವರ್ಷ ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರು. ಪೆಂಡಾಲಿನ ಅಲಂಕಾರಕ್ಕೆ ಗಾಂಧೀಜಿ ನಂದಲಾಲರನ್ನು ಕರೆಸಿದರು. ಅವರು ಬರೆದದ್ದು ನಾಯಕರ ಮುಖಗಳನ್ನಲ್ಲ. ಚಪ್ಪಲಿ ಹೊಲಿಯುವವನು, ಡೋಲು ಬಾರಿಸುವವನು, ಮನೆಗೆಲಸದಲ್ಲಿ ಮುಳುಗಿದ ಹೆಂಗಸು, ಬೇಟೆಗಾರ, ಬಡಗಿ. ಕೈಕಾಗದದ ಮೇಲೆ ಮಣ್ಣಿನ ಬಣ್ಣ, ದಪ್ಪ ಗೆರೆ, ದೂರದಿಂದಲೇ ಕಾಣುವ ಹಾಗೆ. ಅಧಿವೇಶನಕ್ಕೆ ನಡೆದು ಬರುವ ಹಳ್ಳಿ ಜನ ದಾರಿಯಲ್ಲಿ ತಮ್ಮಂಥವರನ್ನೇ ಚಿತ್ರದಲ್ಲಿ ನೋಡಿದರು. ನಮ್ಮ ದೇಶದಲ್ಲಿ ಪ್ರಜಾಪ್ರಭುತ್ವದ ಮೊದಲ ದೊಡ್ಡ ಕಲಾ ಪ್ರದರ್ಶನ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ ಅನ್ನುವುದು ಬೇರೆ ಮಾತು.

ಅದೇ ನಂದಲಾಲರು ಆಮೇಲೆ ಶಾಂತಿನಿಕೇತನದ ತಮ್ಮ ಶಿಷ್ಯರ ಜೊತೆ ಸೇರಿ ಸಂವಿಧಾನದ ಮೂಲ ಪ್ರತಿಗೆ ಚಿತ್ರ ಬರೆದರು. ಅಕ್ಷರಗಳೆಲ್ಲ ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಅವರ ಕೈಬರಹ. ಪ್ರಸ್ತಾವನೆಯ ಪುಟದ ಅಂಚಿನ ಬಳ್ಳಿ ಬೇವಹಾರ್ ರಾಮಮನೋಹರ ಸಿನ್ಹಾ ಅವರದ್ದು. 22 ಭಾಗಗಳಿಗೆ 22 ಚಿತ್ರ. ಮೊಹೆಂಜೊದಾರೋದ ಗೂಳಿಯಿಂದ ಶುರುವಾಗಿ ಬುದ್ಧ, ಮಹಾವೀರ, ಅಕ್ಬರ್, ಗಾಂಧೀಜಿಯ ದಂಡಿ ನಡಿಗೆ ಎಲ್ಲ ಬರುತ್ತವೆ. ಒಂದು ಪುಟದಲ್ಲಿ ಝಾನ್ಸಿ ರಾಣಿಯ ಜೊತೆ ನಮ್ಮ ಟಿಪ್ಪು ಸುಲ್ತಾನ್ ಇದ್ದಾನೆ. ಕೊನೆಯ ಭಾಗಗಳಲ್ಲಿ ಹಿಮಾಲಯ, ಮರುಭೂಮಿ, ಕಡಲು. 1950ರ ಜನವರಿ 24ರಂದು 284 ಸದಸ್ಯರು ಅದಕ್ಕೆ ಸಹಿ ಹಾಕಿದರು. ಕಾನೂನಿನ ಪುಸ್ತಕಕ್ಕೆ ಚಿತ್ರ ಬೇಕು ಅಂತ ಆಗಿನ ಹಿರಿಯರಿಗೆ ಅನಿಸಿತಲ್ಲ, ಅದು ನನಗೆ ತುಂಬ ದೊಡ್ಡ ವಿಷಯ. ನಮ್ಮ ಶಾಲೆಗಳಲ್ಲಿ ದಿನಾ ಬೆಳಿಗ್ಗೆ ಪ್ರಸ್ತಾವನೆ ಓದಿಸುತ್ತೇವೆ. ಆ ಪುಟದ ಬಳ್ಳಿಯನ್ನು ಮಾತ್ರ ಯಾರಿಗೂ ತೋರಿಸಿಲ್ಲ.

"ಅತ್ತೆ, ಇದನ್ನೂ ನೋಡ್ರಿ" ಅಂತ ಅವಳು ಇನ್ನೊಂದು ಪುಸ್ತಕ ಬಿಡಿಸಿದಳು. ಚಿತ್ತಪ್ರಸಾದ್ ಅವರ ಬಂಗಾಳ ಬರಗಾಲದ ಚಿತ್ರಗಳು. 1943ರಲ್ಲಿ ಹಳ್ಳಿ ಹಳ್ಳಿ ನಡೆದು, ಹಸಿವಿನಿಂದ ಸಾಯುತ್ತಿದ್ದವರನ್ನು ಅವರು ಕಪ್ಪು ಮಸಿಯಲ್ಲಿ ಬರೆದರು. ಅವುಗಳ ಕಿರುಪುಸ್ತಕ ಬಂದಾಗ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಕ್ಕೆ ತಗೊಂಡು ಸುಟ್ಟಿತು. ಆ ಎಲುಬುಗಳನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ.

ಶನಿವಾರ

ಕಸ್ತೂರ್ಬಾ ರಸ್ತೆ. ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ, ಅದರ ಪಕ್ಕ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪ ಮೈಸೂರು ಅರಮನೆಯ ಕಲಾವಿದರು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರು. ನಂದಲಾಲ್ ಬೋಸರೂ ಅದೇ ಗುರುವಿನ ಶಿಷ್ಯರು. ಅಂದರೆ ಸಂವಿಧಾನಕ್ಕೆ ಚಿತ್ರ ಬರೆದವರೂ ನಮ್ಮ ವೆಂಕಟಪ್ಪನವರೂ ಒಂದೇ ಕಡೆ ಕುಂಚ ಹಿಡಿದವರು.

ಈ ಕಟ್ಟಡದ ಮುಂದೆ ನಿಂತಾಗ ನನಗೆ ಒಳಗಿನ ಚಿತ್ರಗಳಿಗಿಂತ 2016 ನೆನಪಾಯಿತು. ಪ್ರವಾಸೋದ್ಯಮದ ದತ್ತು ಯೋಜನೆಯಡಿ ಈ ಗ್ಯಾಲರಿಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಒಪ್ಪಂದವಾಗಿತ್ತು. ಬೆಂಗಳೂರಿನ ಕಲಾವಿದರು ಬೀದಿಗೆ ಇಳಿದರು. ಇಲ್ಲೇ ಕೂತು ಚಿತ್ರ ಬರೆದರು, ಹಾಡಿದರು, ಭಾಷಣ ಮಾಡಿದರು, ಕೈ ಕೈ ಹಿಡಿದು ಸರಪಳಿ ಕಟ್ಟಿದರು. ಅವರ ವಾದ ಸರಳ. ಊರಿಂದ ಬಂದ ಹೊಸ ಹುಡುಗ ಹುಡುಗಿಯರಿಗೆ ಕಡಿಮೆ ಬಾಡಿಗೆಗೆ ಗೋಡೆ ಸಿಗುತ್ತಿದ್ದದ್ದು ಇಲ್ಲಿ. ಸರ್ಕಾರದ ಗ್ಯಾಲರಿ ಅಂದರೆ ಎಲ್ಲರ ಗ್ಯಾಲರಿ. ಕಡೆಗೆ ಆ ಒಪ್ಪಂದ ಜಾರಿಗೆ ಬರಲಿಲ್ಲ. ಖಾಸಗಿಯವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಗೋಡೆ ಯಾರದು ಅಂತ ಕೇಳಿ, ಅದಕ್ಕಾಗಿ ತಿಂಗಳುಗಟ್ಟಲೆ ಬಿಸಿಲಲ್ಲಿ ಕೂತ ಕಲಾವಿದರ ಮೇಲೆ ನನಗೆ ಬಹಳ ಗೌರವ. ನಮ್ಮ ಜಿಲ್ಲೆಯ ಎಷ್ಟೋ ಜನರ ಮೊದಲ ಬೆಂಗಳೂರು ಪ್ರದರ್ಶನ ನಡೆದದ್ದು ಇಲ್ಲೇ.

ಅದೇ ರಸ್ತೆಯಲ್ಲಿ ಮ್ಯಾಪ್ ಇದೆ, ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಖಾಸಗಿ ಮ್ಯೂಸಿಯಂ. ಹೊರಗೋಡೆಗೆ ಉಬ್ಬು ಗೆರೆಗಳ ಉಕ್ಕಿನ ಹಲಗೆಗಳು. ಹಳೇ ಕಾಲದ ಸ್ಟೀಲಿನ ನೀರಿನ ಟ್ಯಾಂಕಿನ ವಿನ್ಯಾಸ. ಸಂಗ್ರಹದಲ್ಲಿ 60,000ಕ್ಕೂ ಹೆಚ್ಚು ವಸ್ತುಗಳಿವೆ. ಶುರುವಾದಾಗಲೇ ಅವರು ಹೆಣ್ಣನ್ನು ಭಾರತದ ಕಲೆ ಹೇಗೆ ಕಂಡಿದೆ ಎಂಬ ದೊಡ್ಡ ಪ್ರದರ್ಶನ ಮಾಡಿದರು. ದೇವತೆ, ತಾಯಿ, ಸಿನಿಮಾ ಪೋಸ್ಟರಿನ ನಾಯಕಿ, ತನ್ನನ್ನು ತಾನೇ ಬರೆದುಕೊಂಡ ಕಲಾವಿದೆ, ಎಲ್ಲ ಒಂದೇ ಕಡೆ. ಕಣ್ಣು ಕಾಣದವರು ಮುಟ್ಟಿ ನೋಡಲು ಉಬ್ಬು ಚಿತ್ರಗಳನ್ನೂ ಮಾಡಿಸಿದ್ದಾರೆ. ನನಗೆ ಅದು ಬಹಳ ಇಷ್ಟವಾಯಿತು. ಚಿತ್ರ ಅಂದರೆ ಕಣ್ಣಿದ್ದವರ ಆಸ್ತಿ ಅಂತ ನಾವು ಸುಮ್ನೆ ನಂಬಿಕೊಂಡಿರುತ್ತೇವೆ, ಅಲ್ವಾ?

ಮಧ್ಯಾಹ್ನ ಇನ್ನೊಂದು ಗ್ಯಾಲರಿಗೆ ಹೋದೆವು, ಹೆಸರು ಬೇಡ. ವಲಸೆ ಕಾರ್ಮಿಕರ ಮೇಲೆ ಪ್ರದರ್ಶನ. ಚಿತ್ರಗಳು ಚೆನ್ನಾಗಿದ್ದವು. ಆದರೆ ಗೋಡೆಯ ಬರಹವೆಲ್ಲ ಇಂಗ್ಲಿಷಿನಲ್ಲಿ, ಅದೂ ಕಬ್ಬಿಣದ ಕಡಲೆ ಇಂಗ್ಲಿಷು. ಬಾಗಿಲಲ್ಲಿದ್ದ ಸೆಕ್ಯುರಿಟಿ ಅಣ್ಣ ಯಾದಗಿರಿ ಕಡೆಯವರು, ಅವರೇ ವಲಸೆ ಬಂದವರು. "ಒಳಗ ನೋಡೀರೇನಣ್ಣಾ?" ಅಂದೆ. "ನಮ್ಮ ಡ್ಯೂಟಿ ಹೊರಗ ಅಲ್ರೀ ಮೇಡಂ" ಅಂದರು. ಅವರ ಬದುಕಿನ ಚಿತ್ರ ಒಳಗೆ, ಅವರು ಹೊರಗೆ. ಒಂದು ಹಾಳೆ ಕನ್ನಡ ವಿವರಣೆ, ಸಿಬ್ಬಂದಿಗೆ ಒಂದು ಗಂಟೆ ಬಿಡುವು, ಇಷ್ಟು ಮಾಡಲು ಎಷ್ಟು ಖರ್ಚಾಗುತ್ತದೆ? ಅಲ್ಲಿದ್ದ ಪುಸ್ತಕದಲ್ಲಿ ಇದನ್ನೇ ಕನ್ನಡದಲ್ಲಿ ಬರೆದು ಬಂದೆ.

ಸಂಜೆಗೆ ಮುಂಚೆ ಎಂ.ಜಿ. ರಸ್ತೆಯ ಹಿಂಬದಿ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಹೋದೆವು. 2007ರಿಂದ ಇದೆ, ಪ್ರವೇಶ ಉಚಿತ. ಆರ್.ಕೆ. ಲಕ್ಷ್ಮಣ್ ನಮ್ಮ ಮೈಸೂರಿನವರು. ಚೌಕುಳಿ ಕೋಟು ತೊಟ್ಟ ಅವರ ಸಾಮಾನ್ಯ ಮನುಷ್ಯ ಒಂದು ಮಾತೂ ಆಡದೆ ಎಷ್ಟೋ ಪ್ರಧಾನಿಗಳನ್ನು ನೋಡಿದ. ಬೆಂಗಳೂರಿಗೆ ಬಿ.ವಿ. ರಾಮಮೂರ್ತಿ ಅವರ ಮಿಸ್ಟರ್ ಸಿಟಿಜನ್ ಇದ್ದ, ತಲೆಗೆ ಮೈಸೂರು ಪೇಟ ಸುತ್ತಿಕೊಂಡವನು. ಈ ಇಬ್ಬರೂ ಪತ್ರಿಕೆಯಲ್ಲಿ ಬೆಳಗಿನ ಕಾಫಿ ಜೊತೆ ಮನೆಮನೆಗೆ ಬರುತ್ತಿದ್ದರು. ಎಷ್ಟೇ ದೊಡ್ಡ ಗ್ಯಾಲರಿಯಾದರೂ ಅಷ್ಟು ಮನೆಗಳ ಒಳಗೆ ಹೋಗಲು ಆಗುವುದಿಲ್ಲ. ನಾವಿದ್ದಾಗ ಡೆಲಿವರಿ ಕೆಲಸದ ಹುಡುಗನೊಬ್ಬ ಬ್ಯಾಗು ಸಮೇತ ಒಳಗೆ ಬಂದ. ಆರ್ಡರ್ ಬರುವ ತನಕ ಅಂತ ಬಂದವನು ರಸ್ತೆಗುಂಡಿಯ ಕಾರ್ಟೂನ್ ಮುಂದೆ ನಿಂತು ಜೋರಾಗಿ ನಕ್ಕ. ಫೋನಿನಲ್ಲಿ ಫೋಟೋ ಹಿಡಿದು ಯಾರಿಗೋ ಕಳಿಸಿದ. ದಿನಾ ಆ ಗುಂಡಿಗಳ ಮೇಲೆ ಗಾಡಿ ಓಡಿಸುವವನಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ರಾತ್ರಿ ರೂಮಿನಲ್ಲಿ ತಮ್ಮನ ಮಗಳು ಅವಳ ಮೆಚ್ಚಿನ ಕಲಾವಿದೆಯರ ವಿಷಯ ಶುರು ಮಾಡಿದಳು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, 1990ರ ದಶಕದ ಮೊದಲಲ್ಲಿ, ಕೋಮು ಗಲಭೆಗಳ ಆ ಕಾಲದಲ್ಲಿ, ಎಣ್ಣೆಬಣ್ಣ ಬದಿಗಿಟ್ಟು ಸಗಣಿ ಕೈಗೆತ್ತಿಕೊಂಡರು. ಒಂದೇ ವಸ್ತು, ಒಬ್ಬರಿಗೆ ಪವಿತ್ರ, ಇನ್ನೊಬ್ಬಳಿಗೆ ದಿನಾ ಬೆಳಿಗ್ಗೆ ಬಾಚಬೇಕಾದ ಕೆಲಸ. ಬೆಂಗಳೂರಿನ ಎನ್. ಪುಷ್ಪಮಾಲಾ 2018ರಲ್ಲಿ ಗೌರಿ ಲಂಕೇಶರ ನೆನಪಿಗೆ ಒಂದು ವಿಡಿಯೋ ಮಾಡಿದರು. ಗೌರಿ ಮಾಡುತ್ತಿದ್ದ ಅರ್ಜೆಂಟ್ ಸಾರನ್ನು ಅದರಲ್ಲಿ ಮಾಡುತ್ತಾರೆ. 2017ರ ಸೆಪ್ಟೆಂಬರ್ 5ರ ರಾತ್ರಿ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ ಪತ್ರಕರ್ತೆಯನ್ನು ಹೀಗೂ ನೆನೆಯಬಹುದು. ಗೆಳತಿಯ ಒಗ್ಗರಣೆ ಹೇಗಿತ್ತು ಅಂತ ಗೊತ್ತಿರುವವರೇ ಇಂಥದ್ದು ಮಾಡಲು ಸಾಧ್ಯ.

ಭಾನುವಾರ

ಮಂತ್ರಿ ಸ್ಕ್ವೇರ್ ಮೆಟ್ರೋದಿಂದಲೇ ಜನ. ಶಿವಾನಂದ ಸರ್ಕಲ್ ದಾಟಿ ಕುಮಾರಕೃಪಾ ರಸ್ತೆಗೆ ಬಂದರೆ ಗಾಡಿಗಳಿಲ್ಲ, ರಸ್ತೆಯ ಎರಡೂ ಬದಿ ಚಿತ್ರಗಳೇ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಸಂತೆ ಇದು. ಮನೆಗೊಂದು ಕಲಾಕೃತಿ ಅನ್ನುವುದು ಅವರ ಆಸೆ. ಮಾರಿದ ಚಿತ್ರಕ್ಕೆ ಕಲಾವಿದ ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ನೂರು ರೂಪಾಯಿಯ ಚಿತ್ರವೂ ಸಿಗುತ್ತದೆ, ಲಕ್ಷದ್ದೂ ಸಿಗುತ್ತದೆ. 2020ರ ಸಂತೆಯನ್ನು ರೈತರಿಗೆ ಅರ್ಪಿಸಿದ್ದರು, 2025ರದ್ದನ್ನು ಹೆಣ್ಣುಮಕ್ಕಳಿಗೆ.

ಇಲ್ಲಿ ಯಾರಿಗೂ ಹಿಂಜರಿಕೆ ಇಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಕಾಲೇಜು ಹುಡುಗರು, ಬುರ್ಖಾ ತೊಟ್ಟ ಅಕ್ಕತಂಗಿಯರು, ಚರ್ಚಿನಿಂದ ನೇರ ಬಂದ ಕುಟುಂಬ, ತುಮಕೂರು ಕಡೆಯಿಂದ ಬಸ್ಸಿನಲ್ಲಿ ಬಂದ ಹೆಂಗಸರ ಗುಂಪು. ಜೋಳ, ಚುರುಮುರಿ, ಕಬ್ಬಿನಹಾಲು ಕೈಯಲ್ಲಿ. ಚಿತ್ರದ ಎದುರು ನಿಂತು ಜೋರಾಗಿ ಮಾತಾಡುತ್ತಾರೆ. "ಈ ಎತ್ತಿನ ಕೊಂಬು ಸರಿ ಇಲ್ಲ ಕಣಪ್ಪ" ಅಂತ ಒಬ್ಬರು ಕಲಾವಿದನಿಗೇ ಹೇಳಿದರು. ಕಲಾವಿದ ಬಗ್ಗಿ ನೋಡಿ, "ಹೌದು ಸಾರ್, ನಮ್ಮ ಕಡೆ ಹಳ್ಳಿಕಾರ್ ತಳಿ ಇಲ್ಲ" ಅಂದ. ಗ್ಯಾಲರಿಯಲ್ಲಿ ಈ ಮಾತುಕತೆ ನಡೆಯುತ್ತದೆಯೇ?

ಬುದ್ಧ, ಗಣಪತಿ, ಓಡುವ ಕುದುರೆಗಳು ಜಾಸ್ತಿಯೇ ಇವೆ. ಅದನ್ನು ಹಿಡಿದು ಸಂತೆಯನ್ನು ಹಗುರ ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮನೆಗೆ ಮೊದಲ ಚಿತ್ರ ಕೊಳ್ಳುವವರು ತಮಗೆ ಗೊತ್ತಿರುವುದನ್ನೇ ಕೊಳ್ಳುತ್ತಾರೆ. ಮುಂದಿನ ವರ್ಷ ಇನ್ನೊಂದು ನೋಡುತ್ತಾರೆ. ಸಾಗರದ ಕಡೆಯ ಹಸೆ ಚಿತ್ತಾರದ ಮುಂದೆ ನಾನು ಬಹಳ ಹೊತ್ತು ನಿಂತೆ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ದೀವರ ಸಮುದಾಯದ ಮನೆಗಳ ಹೆಣ್ಣುಮಕ್ಕಳು ಮದುವೆಗೆ ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರ ಈಗ ಬಟ್ಟೆಯ ಮೇಲೆ ಕೂತು ಬೆಂಗಳೂರಿನ ರಸ್ತೆಗೆ ಬಂದಿದೆ.

ಸಂತೆಯ ಮಧ್ಯದಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಕೂತಿದ್ದ. ಅವನ ಹತ್ತಿರ ಇದ್ದದ್ದೆಲ್ಲ ಎಡಗೈ ತೋರುಬೆರಳಿನ ಚಿತ್ರಗಳು. ಪ್ರತಿ ಬೆರಳಿನ ಮೇಲೂ ಮತದಾನದ ಶಾಯಿಯ ಗೆರೆ. ಬೆರಳುಗಳು ಮಾತ್ರ ಬೇರೆ ಬೇರೆ. ಹತ್ತಿ ಬಿಡಿಸಿ ಸೀಳಿದ ಬೆರಳು, ಗಾರೆಯಲ್ಲಿ ಒರಟಾದ ಬೆರಳು, ಬೀಡಿ ಕಟ್ಟಿ ಹಳದಿಯಾದದ್ದು, ಕಂಪ್ಯೂಟರ್ ಕೀಲಿಯ ಮೇಲೆ ಓಡಾಡುವ ನುಣುಪು ಬೆರಳು, ಅರ್ಧ ತುಂಡಾದ ಒಂದು ಬೆರಳು. ಶಾಯಿಯ ವಿಷಯ ಅವನೇ ಹೇಳಿದ. ಅದು ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿಸಿದ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಕೊಡುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆಳಕು ಬಿದ್ದರೆ ಚರ್ಮದ ಮೇಲೆ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಚರ್ಮ, ಉಗುರು ಬೆಳೆದು ಸವೆದ ಹಾಗೆ ತಾನೇ ಮಾಯವಾಗುತ್ತದೆ. ಬಣ್ಣದ ಕಾರ್ಖಾನೆಯಿಂದ ಬಂದ ಬಣ್ಣವೇ ಅಲ್ವಾ, ಅದಕ್ಕೇ ಚಿತ್ರಕ್ಕೆ ತಂದೆ ಅಂದ ಹುಡುಗ.

ತುಮಕೂರು ಕಡೆಯ ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಬಂದು ನಿಂತರು. ತಮ್ಮ ಬೆರಳನ್ನು ಚಿತ್ರದ ಪಕ್ಕ ಹಿಡಿದು ನೋಡಿದರು. "ನಂದೂ ಇಂಗೇ ಐತಲ್ಲಪ್ಪ. ಒಂದು ವೋಟೂ ತಪ್ಪಿಸಿಲ್ಲ ನಾನು. ನಮ್ಮ ಯಜಮಾನ್ರು ತೀರ್ಕೊಂಡ ವಾರದಾಗೂ ಹೋಗಿ ಹಾಕ್ ಬಂದೆ" ಅಂದರು. ಎಷ್ಟಕ್ಕೆ ಅಂತ ಕೇಳಿದರು. ಹುಡುಗ ಹೇಳಿದ ಬೆಲೆ ಕೇಳಿ ಸುಮ್ಮನಾದರು. ಅವನು ಪ್ಲಾಸ್ಟಿಕ್ ಸ್ಟೂಲ್ ಎಳೆದು, "ಕೂತ್ಕೊ ಅಜ್ಜಿ" ಅಂದ. ಪೆನ್ಸಿಲ್ಲು ತಗೊಂಡು ಅವರ ಬೆರಳನ್ನೇ ಬರೆದ. ಗೆಣ್ಣು, ಹಳೇ ಗಾಯದ ಕಲೆ, ತಾಮ್ರದ ಉಂಗುರ, ಎಲ್ಲ. ಸುತ್ತ ಜನ ಸೇರಿತು. ಹಾಳೆ ಕೊಟ್ಟಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ತೆಗೆದರು. ಅವನು ಬೇಡ ಅಂದ. "ಬಿಟ್ಟಿ ಬ್ಯಾಡ, ನಿನ್ನ ಕೆಲಸ ಅದು" ಅಂತ ಅವನ ಜೇಬಿಗೇ ತುರುಕಿದರು. ಕೆಲಸದ ಬೆಲೆ ಗೊತ್ತಿರುವವರು ಆಡುವ ಮಾತು.

ನಾನು ಹತ್ತಿ ಬಿಡಿಸುವ ಬೆರಳನ್ನು ಕೊಂಡೆ. ಕ್ಲಾಸಿನ ಗೋಡೆಗೆ ಹಾಕುತ್ತೇನೆ. ನಮ್ಮ ಮಕ್ಕಳಲ್ಲಿ ಅರ್ಧ ಜನರ ಅಮ್ಮಂದಿರು ಕೂಲಿಗೆ ಹೋಗುವವರು.

ಸೋಮವಾರ

ಸೋಮವಾರ ಹೆಚ್ಚಿನ ಗ್ಯಾಲರಿ, ಮ್ಯೂಸಿಯಂಗಳಿಗೆ ರಜೆ. ಬಾಗಿಲೇ ಇಲ್ಲದ ಚಿತ್ರಗಳನ್ನು ನೋಡೋಣ ಅಂದಳು ತಮ್ಮನ ಮಗಳು. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಸೃಷ್ಟಿ ಕಲಾ ಕಾಲೇಜಿನ ವಿದ್ಯಾರ್ಥಿಗಳು ಮಾಡಿದ ಗೋಡೆಚಿತ್ರಗಳಿವೆ. ಈ ಕೆಲಸ ಮೊದಲು ಶುರುವಾದದ್ದು ಪೀಣ್ಯ ನಿಲ್ದಾಣದಲ್ಲಿ. ಆಫೀಸಿಗೆ ಓಡುವವರು ನಿಂತು ನೋಡುವುದಿಲ್ಲ, ಆದರೆ ದಿನಾ ಪಕ್ಕದಲ್ಲೇ ಹಾದುಹೋಗುತ್ತಾರೆ. ಬೀದಿಯ ಮಾತು ಬಂದಾಗ ಬಾದಲ್ ನಂಜುಂಡಸ್ವಾಮಿ ಹೆಸರು ಬರಲೇಬೇಕು. ಮೈಸೂರಿನಲ್ಲಿ ಕಲೆ ಓದಿದವರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿಗೆ ಮೊಸಳೆಯ ಆಕೃತಿ ತಂದಿಟ್ಟರು. 2019ರಲ್ಲಿ ಹೇರೋಹಳ್ಳಿ ಕಡೆಯ ಹಾಳಾದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನಲ್ಲಿ ಒಬ್ಬರನ್ನು ಚಂದ್ರನ ಮೇಲೆ ನಡೆದ ಹಾಗೆ ನಡೆಸಿದರು. ಪಾಲಿಕೆಯವರು ಬಂದು ರಸ್ತೆ ಸರಿಮಾಡಿದರು. ಚಿತ್ರವೊಂದು ಗುಂಡಿ ಮುಚ್ಚಿಸಿತು ಅಂದರೆ ಅದಕ್ಕಿಂತ ನೇರವಾದ ಸಾಮಾಜಿಕ ಕಲೆ ಇನ್ನೇನು ಬೇಕು?

ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಫ್ರೀಡಂ ಪಾರ್ಕಿಗೆ ನಡೆದೆವು. ಹಿಂದೆ ಇದು ಸೆಂಟ್ರಲ್ ಜೈಲು. ಮಧ್ಯದಲ್ಲಿ ಕಾವಲು ಗೋಪುರ, ಒಬ್ಬ ಕಾವಲುಗಾರ ಎಲ್ಲ ಕಡೆ ಕಣ್ಣಿಡುವಂತೆ ಸುತ್ತಲೂ ಬ್ಯಾರಕ್ಕುಗಳು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇಲ್ಲಿ ಸೆರೆಯಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿಯವರನ್ನೂ 1976ರಲ್ಲಿ ಇಲ್ಲೇ ಇಟ್ಟಿದ್ದರು. ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆ ಸೆಲ್ಲುಗಳ ಮುಂದೆ ನಿಂತಾಗ ಎದೆ ಭಾರವಾಯಿತು. ಜೈಲನ್ನು ಕೆಡವದೆ, ಗೋಪುರ ಮತ್ತು ಕೆಲವು ಬ್ಯಾರಕ್ಕು ಉಳಿಸಿ ಉದ್ಯಾನ ಮಾಡಿದ್ದು ಮ್ಯಾಥ್ಯೂ ಅಂಡ್ ಘೋಷ್ ಎಂಬ ವಾಸ್ತುಶಿಲ್ಪಿಗಳು. ಶನಿವಾರ ನೋಡಿದ ಉಕ್ಕಿನ ಗೋಡೆಯ ಮ್ಯಾಪ್ ಕೂಡ ಅವರದ್ದೇ ವಿನ್ಯಾಸ.

2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗೆ ಇದೊಂದೇ ಜಾಗ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲು ರಾತ್ರಿ ಕೂತಿದ್ದು ಇಲ್ಲೇ, ನಮ್ಮ ಬೀದಿಯ ಆಶಾ ಅಕ್ಕನೂ ಬಂದಿದ್ದರು. ಟ್ರಾಫಿಕ್ ತೊಂದರೆ ನನಗೂ ಅರ್ಥವಾಗುತ್ತದೆ. ಆದರೆ ಎತ್ತರದ ಗೋಡೆಯ ಒಳಗೆ ಕೂಗಿದ್ದು ಊರಿಗೆ ಕೇಳುವುದಿಲ್ಲ. ಯಾರೂ ಬಾರದ ಕೋಣೆಯಲ್ಲಿ ತೂಗಿಹಾಕಿದ ಚಿತ್ರಕ್ಕೂ ಇದೇ ಗತಿ.

ಅವತ್ತು ಒಂದು ಚಿಕ್ಕ ಧರಣಿ ನಡೆಯುತ್ತಿತ್ತು. ಬಿಸಿಯೂಟದ ಅಡುಗೆಯವರು, ಹೆಚ್ಚಾಗಿ ಉತ್ತರದ ಜಿಲ್ಲೆಗಳವರು. ಕೈಯಲ್ಲಿ ಅವರೇ ಮಾಡಿಕೊಂಡ ಫಲಕಗಳು. ಚಾರ್ಟ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸೌಟು, ಒಲೆ, ತಟ್ಟೆ ಹಿಡಿದ ಮಗು. ಒಬ್ಬಾಕೆ ಅನ್ನದ ಅಗುಳುಗಳನ್ನೇ ಅಂಟಿಸಿ 'ಕೂಲಿ' ಅಂತ ಬರೆದಿದ್ದಳು. ಇವನ್ನು ಯಾವ ಮ್ಯೂಸಿಯಂ ಎತ್ತಿಡುತ್ತಿದೆ? ಸಂಜೆಗೆ ಕಸದ ಗಾಡಿಗೆ ಹೋಗುತ್ತವೆ. ಐವತ್ತು ವರ್ಷ ಬಿಟ್ಟು ನಮ್ಮ ಕಾಲದ ಪ್ರಜಾಪ್ರಭುತ್ವ ಹೇಗಿತ್ತು ಅಂತ ಯಾರಾದರೂ ಕೇಳಿದರೆ ತೋರಿಸಬೇಕಾದವು ಇವೇ. ಒಂದು ಕಪಾಟು, ತಾರೀಖು ಬರೆಯಲು ಒಬ್ಬ ಮನುಷ್ಯ, ಸರ್ಕಾರಿ ಮ್ಯೂಸಿಯಂ ಮನಸ್ಸು ಮಾಡಿದರೆ ಸಾಕು. ತಮ್ಮನ ಮಗಳು ಒಪ್ಪಿಗೆ ಕೇಳಿ ಒಂದೊಂದೇ ಫಲಕದ ಫೋಟೋ ಹಿಡಿದಳು. ಕಾಲೇಜಿನ ಗೆಳೆಯರ ಜೊತೆ ಸೇರಿ ಪ್ರತಿ ವಾರ ಬಂದು ಹೀಗೆ ದಾಖಲೆ ಮಾಡುತ್ತೇವೆ ಅಂದಳು.

ನಾನು ಡ್ರಾಯಿಂಗ್ ಟೀಚರ್ ಅಂತ ಗೊತ್ತಾದ ಕೂಡಲೇ ಹಿರಿಯ ಹೆಂಗಸೊಬ್ಬರು ಖಾಲಿ ಚಾರ್ಟು, ಮಾರ್ಕರ್ ತಂದು ಮುಂದಿಟ್ಟರು.

"ಮೇಡಂ, ನಮ್ಮ ಅಕ್ಷರ ಸಣ್ಣಾಗ್ಯಾವ್ರಿ. ಟಿವಿಯವ್ರು ಬರ್ತಾರಂತ. ದೊಡ್ಡದಾಗಿ ಬರದು ಕೊಡ್ರಿ, ದೂರಿಂದ ಕಾಣಂಗ."

ನೆಲದ ಮೇಲೆ ಕೂತೆ. ಏನು ಬರೆಯಬೇಕು ಅಂತ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಲೆಯ ಚಿತ್ರ ಮಾತ್ರ ಅವರೇ ಬರೆದರು, ನನಗಿಂತ ಚೆನ್ನಾಗಿ. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ತಮ್ಮನ ಮಗಳು ಇನ್ನಷ್ಟು ಚಾರ್ಟು ತರಲು ಅವೆನ್ಯೂ ರಸ್ತೆಗೆ ಹೋದಳು.